ಪ್ರಶ್ನೋತ್ತರ: ಪುಟ್ಟ ಫ್ಯಾನು ಎಷ್ಟು ಕರೆಂಟ್ ಎಳೆಯುತ್ತದೆ?

ಕಂಪ್ಯೂಟರ್, ಯುಪಿಎಸ್, ಇನ್‌ಕ್ಯುಬೇಟರ್, ಕಂಟ್ರೋಲ್ ಪ್ಯಾನೆಲ್‌ಗಳಲ್ಲಿ ತಿರುಗುವ ಸಣ್ಣ ಕೂಲಿಂಗ್ ಫ್ಯಾನುಗಳ ಬಗ್ಗೆ ಬಂದಿರುವ ಪ್ರಶ್ನೆಗಳನ್ನೆಲ್ಲ ಈ ಸಂಚಿಕೆಯಲ್ಲಿ ಒಟ್ಟಿಗೆ ತೆಗೆದುಕೊಂಡಿದ್ದೇವೆ.

ಪ್ರಶ್ನೆ: 12 ವೋಲ್ಟಿನ ಅಡಾಪ್ಟರಿಗೆ 80 ಮಿ.ಮೀ. ಫ್ಯಾನ್ ಜೋಡಿಸಿದ್ದೇನೆ. ಲೇಬಲ್ಲಿನಲ್ಲಿ 0.18 ಆಂಪಿಯರ್ ಎಂದಿದೆ. ಪರೀಕ್ಷಿಸೋಣವೆಂದು ಮಲ್ಟಿಮೀಟರನ್ನು 10 ಆಂಪಿಯರ್‌ಗೆ ತಿರುಗಿಸಿ ಫ್ಯಾನಿನ ಎರಡು ತಂತಿಗಳಿಗೆ ಮುಟ್ಟಿಸಿದ ಕೂಡಲೇ ಫ್ಯಾನು ನಿಂತು ಅಡಾಪ್ಟರಿನ ದೀಪವೂ ಆರಿತು. ಮೀಟರ್ ಕೆಟ್ಟಿದೆಯೆ?
— ಐಟಿಐ ವಿದ್ಯಾರ್ಥಿ, ಹಾಸನ

ಉತ್ತರ: ಮೀಟರ್ ಕೆಟ್ಟಿರುವ ಸಾಧ್ಯತೆ ಕಡಿಮೆ. ನೀವು ಅಡಾಪ್ಟರನ್ನು ಶಾರ್ಟ್ ಮಾಡಿದಿರಿ. ಅದರೊಳಗಿನ ರಕ್ಷಣಾ ಸರ್ಕ್ಯೂಟು ಕೆಲಸ ಮಾಡಿ ನಿಮ್ಮನ್ನು ಉಳಿಸಿತು. ವೋಲ್ಟೇಜ್ ಅಳೆಯುವಾಗ ಮೀಟರಿನ ಒಳರೋಧ ಹತ್ತು ಲಕ್ಷ ಓಮ್ ಅಥವಾ ಅದಕ್ಕೂ ಹೆಚ್ಚು. 10 ಆಂಪಿಯರ್ ಸಾಕೆಟ್ಟಿನಲ್ಲಾದರೆ ಅದೇ ಮೀಟರಿನ ಒಳಗೆ ಇರುವುದು 0.01 ಓಮ್‌ನ ಒಂದು ದಪ್ಪ ತಂತಿ, ಅಷ್ಟೇ. ಕಡಿಮೆ ಬೆಲೆಯ ಮೀಟರುಗಳಲ್ಲಿ ಈ ದಾರಿಗೆ ಫ್ಯೂಸ್ ಕೂಡ ಇರುವುದಿಲ್ಲ. ಅಡಾಪ್ಟರಿನ ಬದಲು ಯುಪಿಎಸ್ ಬ್ಯಾಟರಿ ಇದ್ದಿದ್ದರೆ ಪ್ರೋಬಿನ ತುದಿ ಕರಗಿ ಕೈ ಸುಡುತ್ತಿತ್ತು.

ಕರೆಂಟನ್ನು ಅಳೆಯಬೇಕಾದರೆ ಅದು ಮೀಟರಿನ ಒಳಗಿಂದಲೇ ಹರಿದು ಫ್ಯಾನಿಗೆ ಹೋಗಬೇಕು. ಮೊದಲು ಅಡಾಪ್ಟರನ್ನು ಗೋಡೆಯಿಂದ ಕಳಚಿ. ಕಪ್ಪು ಪ್ರೋಬ್ ‘ಕಾಮ್’ ಸಾಕೆಟ್ಟಿಗೆ, ಕೆಂಪು ಪ್ರೋಬ್ 10 ಆಂಪಿಯರ್ ಸಾಕೆಟ್ಟಿಗೆ. ನಾಬನ್ನು ಡಿ.ಸಿ. 10 ಆಂಪಿಯರ್‌ಗೆ ತಿರುಗಿಸಿ. ಅಡಾಪ್ಟರಿನ ಪ್ಲಸ್ ತಂತಿಯನ್ನು ಕೆಂಪು ಪ್ರೋಬಿಗೆ, ಕಪ್ಪು ಪ್ರೋಬನ್ನು ಫ್ಯಾನಿನ ಕೆಂಪು ತಂತಿಗೆ, ಫ್ಯಾನಿನ ಕಪ್ಪು ತಂತಿಯನ್ನು ನೇರವಾಗಿ ಅಡಾಪ್ಟರಿನ ಮೈನಸ್‌ಗೆ ಸೇರಿಸಿ. ಕೈಯಲ್ಲಿ ಹಿಡಿದು ಅಳೆಯಬೇಡಿ, ಕ್ರೊಕೊಡೈಲ್ ಕ್ಲಿಪ್ ಬಳಸಿ. ಒಮ್ಮೆ ಕೈ ಅಲುಗಿದರೆ ಫ್ಯಾನು ನಿಂತು ಮತ್ತೆ ಹೊರಡುತ್ತದೆ, ಓದು (ಮೀಟರ್ ತೋರಿಸುವ ಅಂಕಿ) ಮೊದಲಿನಿಂದ ಏರಿಳಿಯುತ್ತದೆ. ಈಗ ಅಡಾಪ್ಟರ್ ಆನ್ ಮಾಡಿ, ಫ್ಯಾನು ಪೂರ್ತಿ ವೇಗಕ್ಕೆ ಬರಲು ಹತ್ತು ಹದಿನೈದು ಸೆಕೆಂಡು ಬಿಟ್ಟು ಓದಿ. ಅಂಕಿಯ ಹಿಂದೆ ಮೈನಸ್ ಗುರುತು ಬಂದರೆ ಪ್ರೋಬುಗಳು ಅದಲುಬದಲಾಗಿವೆ ಎಂದಷ್ಟೇ ಅರ್ಥ. ಆದರೆ ಫ್ಯಾನಿನ ತಂತಿಗಳನ್ನು ಮಾತ್ರ ಉಲ್ಟಾ ಕೊಡಬೇಡಿ. ಕೆಲವು ಫ್ಯಾನುಗಳಲ್ಲಿ ಅದಕ್ಕೆ ರಕ್ಷಣೆ ಇರುತ್ತದೆ, ಕೆಲವದರಲ್ಲಿ ಒಳಗಿನ ಐ.ಸಿ. (ಮೋಟರನ್ನು ನಡೆಸುವ ಚಿಪ್) ಸುಟ್ಟುಹೋಗುತ್ತದೆ.

‘10 ಸೆಕೆಂಡಿಗಿಂತ ಹೆಚ್ಚು ಬೇಡ’ ಎಂದು ಮೀಟರಿನ ಮೇಲೆ ಬರೆದಿರುವುದು ಪೂರ್ತಿ 10 ಆಂಪಿಯರ್ ಹರಿಯುವಾಗಿನ ಮಾತು. 0.18 ಆಂಪಿಯರ್‌ಗೆ ಒಳಗಿನ ತಂತಿ ಬೆಚ್ಚಗೂ ಆಗುವುದಿಲ್ಲ, ನಿಧಾನವಾಗಿ ಓದಿ.

ಓದು 0.15ರೊಳಗೆ ನಿಂತರೆ, ಇನ್ನೂ ನಿಖರವಾಗಿ ತಿಳಿಯಲು ಕೆಂಪು ಪ್ರೋಬನ್ನು ಮಿಲಿಆಂಪಿಯರ್ ಸಾಕೆಟ್ಟಿಗೆ ಬದಲಿಸಿ ನಾಬನ್ನು 200 ಮಿಲಿಗೆ ತಿರುಗಿಸಬಹುದು. ಇದನ್ನು ಕರೆಂಟ್ ಆಫ್ ಮಾಡಿಯೇ ಮಾಡಬೇಕು. ಇಲ್ಲಿ ಒಂದು ಅಪಾಯವಿದೆ. ನಿಂತಿರುವ ಫ್ಯಾನು ಹೊರಡುವ ಕ್ಷಣದಲ್ಲಿ ಓಡುವಾಗಿನದಕ್ಕಿಂತ ಎಷ್ಟೋ ಹೆಚ್ಚು ಎಳೆಯಬಹುದು, ಆಗ ಈ ಸಾಕೆಟ್ಟಿನ ಹಿಂದಿರುವ ಸಣ್ಣ ಫ್ಯೂಸ್ ಹೋಗುತ್ತದೆ. ಅದಕ್ಕೆ ಸುಲಭ ಉಪಾಯ: ಎರಡೂ ಪ್ರೋಬುಗಳ ತುದಿಗೆ ಅಡ್ಡಲಾಗಿ ಒಂದು ಕ್ಲಿಪ್ ತಂತಿ ಹಾಕಿ ಫ್ಯಾನನ್ನು ಹೊರಡಿಸಿ. ವೇಗ ಹಿಡಿದ ಮೇಲೆ ಆ ತಂತಿಯನ್ನು ತೆಗೆಯಿರಿ. ಆಗ ಮಾತ್ರ ಕರೆಂಟ್ ಮೀಟರಿನ ಮೂಲಕ ಹರಿಯತೊಡಗುತ್ತದೆ.

ಫ್ಯೂಸ್ ಹೋದರೆ ಗುರುತಿಸುವುದು ಸುಲಭ: ಓದು ಸೊನ್ನೆ, ಫ್ಯಾನೂ ತಿರುಗುವುದಿಲ್ಲ. ಒಳಗೆ ಅಚ್ಚಾಗಿರುವ ಅಳತೆಯದನ್ನೇ ಹಾಕಿ, ತಂತಿ ಸುತ್ತಬೇಡಿ. ಕೆಲಸ ಮುಗಿದ ತಕ್ಷಣ ಕೆಂಪು ಪ್ರೋಬನ್ನು ವೋಲ್ಟ್ ಸಾಕೆಟ್ಟಿಗೆ ಮರಳಿಸುವ ಅಭ್ಯಾಸ ಮಾಡಿಕೊಳ್ಳಿ. ನಾಬನ್ನು ವೋಲ್ಟಿಗೆ ತಿರುಗಿಸಿದ್ದರೂ ಪ್ರೋಬು ಆಂಪಿಯರ್ ಸಾಕೆಟ್ಟಿನಲ್ಲೇ ಉಳಿದಿದ್ದರೆ, ಮುಂದಿನ ಸಲ ವೋಲ್ಟೇಜ್ ನೋಡಲು ಹೊರಟಾಗ ನಿಮಗೆ ಈಗ ಆದದ್ದೇ ಮತ್ತೆ ಆಗುತ್ತದೆ. 230 ವೋಲ್ಟಿನಲ್ಲಿ ಅದು ಆದರೆ ಪರಿಣಾಮ ಬಹಳ ಕೆಟ್ಟದ್ದು.

ಪ್ರಶ್ನೆ: 0.18 ಆಂಪಿಯರ್ ಎಂದು ಬರೆದ ಫ್ಯಾನು 10 ಆಂಪಿಯರ್ ರೇಂಜಿನಲ್ಲಿ 0.11, 200 ಮಿಲಿ ರೇಂಜಿನಲ್ಲಿ 107ರ ಆಸುಪಾಸು ತೋರಿಸುತ್ತದೆ. ಕೊನೆಯ ಅಂಕಿ ನಿಲ್ಲುವುದೇ ಇಲ್ಲ. ಯಾವುದನ್ನು ನಂಬಬೇಕು?
— ಡಿಪ್ಲೊಮಾ ವಿದ್ಯಾರ್ಥಿನಿ, ದಾವಣಗೆರೆ

ಉತ್ತರ: ಮೂರೂ ಸುಳ್ಳಲ್ಲ. ಲೇಬಲ್ಲಿನಲ್ಲಿ ತಯಾರಕರು ಸಾಮಾನ್ಯವಾಗಿ ಬರೆಯುವುದು ಮೀರಬಾರದ ಗರಿಷ್ಠ ಮಿತಿಯನ್ನು. ಆರೋಗ್ಯವಾಗಿರುವ ಫ್ಯಾನು ಅದಕ್ಕಿಂತ ಕಡಿಮೆ ಎಳೆಯುವುದು ಸಹಜ. ಅಡಾಪ್ಟರ್, ಟ್ರಾನ್ಸಿಸ್ಟರ್, ಫ್ಯೂಸ್ ಆರಿಸುವಾಗ ಲೇಬಲ್ ನೋಡಿ. ಬ್ಯಾಟರಿ ಎಷ್ಟು ಹೊತ್ತು ಬರುತ್ತದೆ ಎಂದು ಲೆಕ್ಕ ಹಾಕುವಾಗ ಅಳೆದ ಅಂಕಿ ನೋಡಿ.

ಇನ್ನು ರೇಂಜಿನ ವಿಷಯ. 10 ಆಂಪಿಯರ್ ರೇಂಜಿನಲ್ಲಿ ಸಾಧಾರಣ ಮೀಟರಿನ ಕೊನೆಯ ಅಂಕಿ ಎಂದರೆ 10 ಮಿಲಿಆಂಪಿಯರ್. ಅದು ಒಂದು ಅಂಕಿ ಆಚೀಚೆ ಆದರೂ 0.11 ಎಂಬುದು 0.10 ಅಥವಾ 0.12 ಆಗಿರಬಹುದು, ಹತ್ತಿರಹತ್ತಿರ ನೂರಕ್ಕೆ ಒಂಬತ್ತರ ವ್ಯತ್ಯಾಸ. 200 ಮಿಲಿ ರೇಂಜಿನಲ್ಲಿ ಅಂಕಿಗಳು ಹೆಚ್ಚು, ಆದರೆ ಅಲ್ಲಿ ಮೀಟರ್ ತಾನೇ ಅಡ್ಡ ಬರುತ್ತದೆ. ಒಳಗೆ 1 ಓಮ್ ರೋಧವಿದೆ, ಜೊತೆಗೆ ಫ್ಯೂಸಿನದು, ಪ್ರೋಬ್ ತಂತಿಯದು. ಒಟ್ಟು 2 ಓಮ್ ಎಂದು ಹಿಡಿದರೆ 107 ಮಿಲಿಆಂಪಿಯರ್‌ಗೆ 0.2 ವೋಲ್ಟ್ ಮೀಟರಿನಲ್ಲೇ ಕಳೆದುಹೋಯಿತು. ಫ್ಯಾನಿಗೆ ಸಿಕ್ಕಿದ್ದು 11.8 ವೋಲ್ಟ್. ಫ್ಯಾನಿನ ವೇಗ ಸುಮಾರಾಗಿ ವೋಲ್ಟೇಜನ್ನು ಅನುಸರಿಸುತ್ತದೆ, ಕರೆಂಟು ವೇಗದ ವರ್ಗವನ್ನು. ಹಾಗಾಗಿ ವೋಲ್ಟೇಜ್ ನೂರಕ್ಕೆ ಎರಡರಷ್ಟು ಇಳಿದರೆ ಕರೆಂಟ್ ಮೂರು ನಾಲ್ಕರಷ್ಟು ಇಳಿಯುತ್ತದೆ. ಈ ಕಾರಣಕ್ಕೇ ಫ್ಯಾನಿನ ಕರೆಂಟ್ ಬರೆದಿಡುವಾಗ ಫ್ಯಾನಿನ ಎರಡು ತಂತಿಗಳ ನಡುವೆಯೇ ಅಳೆದ ವೋಲ್ಟೇಜನ್ನೂ ಬರೆಯಬೇಕು. ‘107 ಮಿಲಿಆಂಪಿಯರ್’ ಎಂದಷ್ಟೇ ಬರೆದರೆ ಅದು ಅರ್ಧ ಅಳತೆ; ‘11.8 ವೋಲ್ಟಿನಲ್ಲಿ 107’ ಎಂದರೆ ಪೂರ್ತಿ. ಹಳೆಯ ಟ್ರಾನ್ಸ್‌ಫಾರ್ಮರ್ ಅಡಾಪ್ಟರುಗಳು 12 ವೋಲ್ಟ್ ಎಂದು ಬರೆದಿದ್ದರೂ ಕಡಿಮೆ ಲೋಡಿನಲ್ಲಿ 15, 16 ವೋಲ್ಟ್ ಕೊಡುವುದುಂಟು. ಅಲ್ಲಿ ಅಳೆದ ಅಂಕಿಯನ್ನು ಲೇಬಲ್ಲಿಗೆ ಹೋಲಿಸಿದರೆ ಒಳ್ಳೆಯ ಫ್ಯಾನಿನ ಮೇಲೆ ತಪ್ಪು ಹೊರಿಸಿದಂತಾಗುತ್ತದೆ.

ಇದಕ್ಕಿಂತ ಒಳ್ಳೆಯ ದಾರಿ 1 ಓಮ್‌ನ ಒಂದು ರೆಸಿಸ್ಟರ್. ನಾವು ಎಲ್ಲರಿಗೂ ಹೇಳುವುದು ಇದನ್ನೇ. ಶೇಕಡ 1ರ ಮೆಟಲ್ ಫಿಲ್ಮ್ ತೆಗೆದುಕೊಳ್ಳಿ. ಐದು ಪಟ್ಟಿಯದಾದರೆ ಕಂದು, ಕಪ್ಪು, ಕಪ್ಪು, ಬೆಳ್ಳಿ, ಕಂದು. ಅದು ಸಿಗದಿದ್ದರೆ 10 ಓಮ್‌ನ ಹತ್ತು ರೆಸಿಸ್ಟರುಗಳನ್ನು ಪ್ಯಾರಲಲ್ ಆಗಿ (ಎಲ್ಲದರ ಒಂದು ತುದಿ ಒಂದು ಕಡೆ, ಇನ್ನೊಂದು ತುದಿ ಇನ್ನೊಂದು ಕಡೆ ಸೇರುವಂತೆ) ಬೆಸುಗೆ ಹಾಕಿ. ಬಿಡಿ ರೆಸಿಸ್ಟರುಗಳ ಹೆಚ್ಚುಕಡಿಮೆಗಳು ಸ್ವಲ್ಪ ಮಟ್ಟಿಗೆ ಪರಸ್ಪರ ಸರಿದೂಗಬಹುದು. ಇದನ್ನು ಫ್ಯಾನಿನ ಕಪ್ಪು ತಂತಿ ಮತ್ತು ಅಡಾಪ್ಟರಿನ ಮೈನಸ್ ನಡುವೆ ಸೇರಿಸಿ. ಮೀಟರನ್ನು 200 ಮಿಲಿವೋಲ್ಟ್ ಡಿ.ಸಿ.ಗೆ ಇಟ್ಟು ರೆಸಿಸ್ಟರಿನ ಎರಡು ಕಾಲುಗಳಿಗೆ ಹಿಡಿಯಿರಿ. 1 ಓಮ್ ಆದ್ದರಿಂದ ಕಂಡ ಮಿಲಿವೋಲ್ಟೇ ಮಿಲಿಆಂಪಿಯರ್, ಗುಣಾಕಾರ ಭಾಗಾಕಾರ ಏನೂ ಬೇಡ. 0.1 ಮಿಲಿಆಂಪಿಯರ್‌ವರೆಗೂ ಓದಬಹುದು, ಫ್ಯೂಸ್ ಹೋಗುವ ಭಯವಿಲ್ಲ. ರೆಸಿಸ್ಟರಿನಲ್ಲಿ ಖರ್ಚಾಗುವುದು 0.18 ಆಂಪಿಯರ್‌ಗೆ 0.03 ವ್ಯಾಟ್ ಮಾತ್ರ, ಕಾಲು ವ್ಯಾಟಿನದು ಸಾಕು. ಪ್ರೋಬನ್ನು ರೆಸಿಸ್ಟರಿನ ಕಾಲಿನ ಬುಡದಲ್ಲೇ ಇಡಬೇಕು. ಬ್ರೆಡ್‌ಬೋರ್ಡಿನಲ್ಲಿ (ಬೆಸುಗೆಯಿಲ್ಲದೆ ಬಿಡಿಭಾಗ ಚುಚ್ಚುವ ಹಲಗೆ) ಎರಡು ತೂತು ಆಚೆ ಹಿಡಿದರೆ ಅಲ್ಲಿನ ಸಡಿಲ ಸಂಪರ್ಕದ ರೋಧವೂ ಲೆಕ್ಕಕ್ಕೆ ಸೇರಿ ಓದು ಹೆಚ್ಚಾಗುತ್ತದೆ.

ಆ 1 ಓಮ್ ನಿಜಕ್ಕೂ 1 ಓಮೇ ಎಂದು ನೋಡಲು ಮೀಟರಿನ ಓಮ್ ರೇಂಜ್ ಪ್ರಯೋಜನವಿಲ್ಲ, ಪ್ರೋಬ್ ತಂತಿಯ ರೋಧವೇ ಅದರ ಗಣನೀಯ ಭಾಗವಾಗಿಬಿಡುತ್ತದೆ. ಫ್ಯಾನಿನ ಜಾಗದಲ್ಲಿ 100 ಓಮ್, 5 ವ್ಯಾಟಿನ ಸಿಮೆಂಟ್ ರೆಸಿಸ್ಟರ್ ಹಾಕಿ. ಸುಮಾರು 120 ಮಿಲಿಆಂಪಿಯರ್ ಅಲುಗಾಡದೆ ಹರಿಯುತ್ತದೆ. ಒಂದು ಮೀಟರನ್ನು ಮಿಲಿಆಂಪಿಯರಿನಲ್ಲಿ ಸೀರೀಸ್ ಆಗಿ (ಒಂದರ ಹಿಂದೆ ಒಂದಾಗಿ) ಇಟ್ಟು, ಇನ್ನೊಂದನ್ನು 1 ಓಮ್ ಮೇಲೆ ಹಿಡಿದು ಹೋಲಿಸಿ.

ಕೊನೆಯ ಅಂಕಿ ಏಕೆ ಕುಣಿಯುತ್ತದೆ ಎಂದು ಕೇಳಿದ್ದೀರಿ. ಈ ಫ್ಯಾನುಗಳಲ್ಲಿ ಬ್ರಷ್ ಇಲ್ಲ. ಸುರುಳಿಗಳಿಗೆ ಕರೆಂಟನ್ನು ಸರದಿಯಲ್ಲಿ ಬದಲಿಸುವುದು ಒಳಗಿನ ಐ.ಸಿ. ನಾಲ್ಕು ಧ್ರುವದ ಮೋಟರು ನಿಮಿಷಕ್ಕೆ 2400 ಸುತ್ತು ತಿರುಗಿದರೆ ಸೆಕೆಂಡಿಗೆ 40 ಸುತ್ತು, ಸುತ್ತಿಗೆ ನಾಲ್ಕು ಬದಲಾವಣೆ. ಅಂದರೆ ಸೆಕೆಂಡಿಗೆ 160 ಸಲ ಕರೆಂಟ್ ತಗ್ಗಿ ಏರುತ್ತದೆ. ಸೆಕೆಂಡಿಗೆ ಎರಡು ಮೂರು ಸಲ ಮಾತ್ರ ಅಂಕಿ ಬದಲಿಸುವ ಮೀಟರು ತೋರಿಸುವುದು ಸರಾಸರಿ. ನಿಮಗೆ ಬೇಕಿರುವುದೂ ಅದೇ. ಕುಣಿತ ನಿಲ್ಲಬೇಕಾದರೆ 1 ಓಮ್‌ನ ಒಂದು ಕಾಲಿನಿಂದ 1 ಕಿಲೋಓಮ್ ರೆಸಿಸ್ಟರ್ ತಂದು, ಅದರ ಇನ್ನೊಂದು ತುದಿಗೂ 1 ಓಮ್‌ನ ಉಳಿದ ಕಾಲಿಗೂ ನಡುವೆ 100 ಮೈಕ್ರೊಫ್ಯಾರಡ್ ಕೆಪಾಸಿಟರ್ ಹಾಕಿ, ಮೀಟರನ್ನು ಆ ಕೆಪಾಸಿಟರಿನ ಮೇಲೆ ಹಿಡಿಯಿರಿ. ಕೆಪಾಸಿಟರಿನ ಪ್ಲಸ್ ಕಾಲು ಫ್ಯಾನಿನ ಕಡೆಗಿರಲಿ. ಒಂದು ಸೆಕೆಂಡಿನೊಳಗೆ ಅಂಕಿ ನೆಲೆಗೊಳ್ಳುತ್ತದೆ. ಫ್ಯಾನಿಗೇ ನೇರವಾಗಿ ದೊಡ್ಡ ಕೆಪಾಸಿಟರ್ ಹಾಕುವವರಿದ್ದಾರೆ. ಅದು ಬೇಡ, ಆನ್ ಮಾಡಿದ ಕ್ಷಣದಲ್ಲಿ ಖಾಲಿ ಕೆಪಾಸಿಟರ್ ಹಲವು ಆಂಪಿಯರ್ ಎಳೆದುಕೊಳ್ಳುತ್ತದೆ.

ಹೊರಡುವ ಕ್ಷಣದ ಕರೆಂಟ್ ಮಾತ್ರ ಈ ಮೀಟರುಗಳಿಗೆ ಸಿಗುವುದಿಲ್ಲ. ಅದಕ್ಕೆ ಅದೇ 1 ಓಮ್ ಮೇಲೆ ಆಸಿಲೊಸ್ಕೋಪ್ (ವೋಲ್ಟೇಜಿನ ಏರಿಳಿತವನ್ನು ಪರದೆಯ ಮೇಲೆ ಗೆರೆಯಾಗಿ ತೋರಿಸುವ ಉಪಕರಣ) ಇಡಬೇಕು. ಸ್ಕೋಪಿನ ಗ್ರೌಂಡ್ ಕ್ಲಿಪ್ ಅಡಾಪ್ಟರಿನ ಮೈನಸ್ ಕಡೆಯ ಕಾಲಿಗೆ. ಸ್ಕೋಪ್ ಇಲ್ಲದಿದ್ದರೆ ಲೇಬಲ್ಲಿನ ಎರಡರಷ್ಟಾದರೂ ಕೊಡಬಲ್ಲ ಅಡಾಪ್ಟರ್ ಇಟ್ಟುಕೊಳ್ಳಿ. ಬಿ.ಸಿ. 547ನಂಥ 100 ಮಿಲಿಆಂಪಿಯರ್ ಟ್ರಾನ್ಸಿಸ್ಟರಿನಿಂದ ಇಂಥ ಫ್ಯಾನನ್ನು ನಡೆಸಲು ಹೋಗಬೇಡಿ.

ಪ್ರಶ್ನೆ: ಕರೆಂಟ್ ಹೋದಾಗ ರೂಟರನ್ನೂ ಅದರ ಹಿಂದಿನ ಪುಟ್ಟ ಫ್ಯಾನನ್ನೂ 12 ವೋಲ್ಟ್, 7 ಆಂಪಿಯರ್-ಅವರ್ ಬ್ಯಾಟರಿಯಿಂದ ನಡೆಸಬೇಕು. ಎಷ್ಟು ಗಂಟೆ ಬಂದೀತು?
— ಓದುಗರು, ಶಿರಸಿ

ಉತ್ತರ: ಮೊದಲು ಎರಡನ್ನೂ ಬೇರೆಬೇರೆಯಾಗಿ ಅಳೆಯಿರಿ. ರೂಟರಿನ ಅಡಾಪ್ಟರಿನ ಮೇಲೆ 1 ಆಂಪಿಯರ್ ಎಂದಿದ್ದರೆ ಅದು ಅಡಾಪ್ಟರಿನ ಶಕ್ತಿ, ರೂಟರಿನ ಖರ್ಚಲ್ಲ. ಇದನ್ನು 10 ಆಂಪಿಯರ್ ಸಾಕೆಟ್ಟಿನಲ್ಲೇ ಅಳೆಯಿರಿ, ಮೊಬೈಲಿನಲ್ಲಿ ವಿಡಿಯೊ ಓಡುತ್ತಿರುವಾಗ. ರೂಟರು 0.5, ಫ್ಯಾನು 0.12 ಎಂದುಕೊಳ್ಳೋಣ, ಒಟ್ಟು 0.62.

7 ಆಂಪಿಯರ್-ಅವರ್ ಎಂಬುದು 20 ಗಂಟೆಯ ಲೆಕ್ಕ: 0.35 ಆಂಪಿಯರ್‌ನಂತೆ 20 ಗಂಟೆ ಎಳೆದು 10.5 ವೋಲ್ಟಿಗೆ ಇಳಿಸಿದಾಗ ಸಿಗುವುದು. ಅಷ್ಟು ಆಳಕ್ಕೆ ಪದೇಪದೇ ಇಳಿಸಿದರೆ ಲೆಡ್ ಆಸಿಡ್ ಬ್ಯಾಟರಿ ಬೇಗ ಸಾಯುತ್ತದೆ. ಅರ್ಧ ಮಾತ್ರ ಬಳಸಿ, ಅಂದರೆ 3.5. ಅದನ್ನು 0.62ರಿಂದ ಭಾಗಿಸಿದರೆ ಐದೂವರೆ ಗಂಟೆ. ಫ್ಯಾನೊಂದನ್ನೇ ಆದರೆ 29 ಗಂಟೆ. ಚಾರ್ಜ್ ಆಗುತ್ತಿರುವಾಗ ಬ್ಯಾಟರಿ 13.6 ವೋಲ್ಟಿನಲ್ಲಿರುತ್ತದೆ, ಆಗ ಫ್ಯಾನು ಕಾಲು ಭಾಗದಷ್ಟು ಹೆಚ್ಚು ಎಳೆದು ಹೆಚ್ಚು ಸದ್ದು ಮಾಡುತ್ತದೆ, ಗಾಬರಿ ಬೇಡ. ರೂಟರಿಗೆ ಮಾತ್ರ ಆ ವೋಲ್ಟೇಜನ್ನು ನೇರ ಕೊಡಬೇಡಿ, ನಡುವೆ 12 ವೋಲ್ಟಿಗೆ ಹದಗೊಳಿಸುವ ಕನ್ವರ್ಟರ್ ಇರಲಿ. ಅದೂ ಒಂದಷ್ಟು ಕರೆಂಟ್ ತಿನ್ನುತ್ತದೆ, ಆದ್ದರಿಂದ ಕೊನೆಯ ಅಳತೆಯನ್ನು ಬ್ಯಾಟರಿಯ ಬುಡದಲ್ಲಿ ಮಾಡಿ. ಬ್ಯಾಟರಿಯ ಪ್ಲಸ್ ಕಾಲಿನ ಪಕ್ಕದಲ್ಲೇ 2 ಆಂಪಿಯರ್ ಫ್ಯೂಸ್ ಹಾಕಿ.

ಪ್ರಶ್ನೆ: ಕ್ಲಾಂಪ್ ಮೀಟರ್ ಹಾಕಿದರೆ 12 ವೋಲ್ಟಿನ ಫ್ಯಾನಿಗೆ 0.00 ಬರುತ್ತದೆ.
— ಎಲೆಕ್ಟ್ರೀಷಿಯನ್, ವಿಜಯಪುರ

ಉತ್ತರ: ಕ್ಲಾಂಪ್ ಎಂದರೆ ತಂತಿಯನ್ನು ಕತ್ತರಿಸದೆ ತನ್ನ ಬಾಯಿಯೊಳಗೆ ಹಿಡಿದು ಕರೆಂಟ್ ಅಳೆಯುವ ಮೀಟರ್. ಮನೆ ವೈರಿಂಗಿಗೆ ಬಳಸುವ ಸಾಮಾನ್ಯ ಕ್ಲಾಂಪ್ ಎ.ಸಿ.ಯನ್ನು ಮಾತ್ರ ಗುರುತಿಸುತ್ತದೆ. ಡಿ.ಸಿ.ಗೆ ‘ಹಾಲ್ ಸೆನ್ಸರ್’ (ಕಾಂತಕ್ಷೇತ್ರವನ್ನು ಗುರುತಿಸುವ ಚಿಪ್) ಇರುವ ಕ್ಲಾಂಪ್ ಬೇಕು. ಅದು ಇದ್ದರೂ ಇಷ್ಟು ಸಣ್ಣ ಕರೆಂಟಿಗೆ ಮೊದಲು ಸೊನ್ನೆ ಮಾಡುವ ಗುಂಡಿ ಒತ್ತಿ, ಒಂದೇ ತಂತಿಯನ್ನು ಬಾಯಿಯೊಳಗೆ ಹತ್ತು ಸುತ್ತು ಹಾಯಿಸಿ, ಬಂದದ್ದನ್ನು ಹತ್ತರಿಂದ ಭಾಗಿಸಿ. ಕೆಂಪು, ಕಪ್ಪು ಎರಡನ್ನೂ ಒಟ್ಟಿಗೆ ಹಾಯಿಸಿದರೆ ಎಷ್ಟು ಸುತ್ತಿದರೂ ಸೊನ್ನೆಯೇ.

ಪ್ರಶ್ನೆ: ಪ್ಯಾನೆಲ್ಲಿನ 230 ವೋಲ್ಟ್ ಫ್ಯಾನಿನ ಮೇಲೆ 0.12 ಆಂಪಿಯರ್, 20 ವ್ಯಾಟ್ ಎಂದಿದೆ. ಗುಣಿಸಿದರೆ 27.6 ಬರುತ್ತದೆ. ಲೇಬಲ್ ತಪ್ಪೆ? ಇದನ್ನು ಮಲ್ಟಿಮೀಟರಿನಲ್ಲಿ ಅಳೆಯಬಹುದೆ?
— ಸಣ್ಣ ಕೈಗಾರಿಕೆಯ ಮಾಲೀಕರು, ಪೀಣ್ಯ, ಬೆಂಗಳೂರು

ಉತ್ತರ: ತಪ್ಪಿಲ್ಲ. 27.6 ಎಂಬುದು ವೋಲ್ಟ್-ಆಂಪಿಯರ್. ಶೇಡೆಡ್ ಪೋಲ್ ಎಂಬ ಬಗೆಯ ಎ.ಸಿ. ಮೋಟರಿನಲ್ಲಿ ಕರೆಂಟ್ ವೋಲ್ಟೇಜಿಗಿಂತ ಹಿಂದೆ ಬೀಳುವುದರಿಂದ ನಿಜವಾದ ಖರ್ಚು 20 ವ್ಯಾಟ್, ಪವರ್ ಫ್ಯಾಕ್ಟರ್ (ವ್ಯಾಟನ್ನು ವೋಲ್ಟ್-ಆಂಪಿಯರಿನಿಂದ ಭಾಗಿಸಿದ್ದು) ಸುಮಾರು 0.72. ಸ್ಟೆಬಿಲೈಸರ್, ಯುಪಿಎಸ್ ಆರಿಸುವಾಗ 27.6 ಹಿಡಿಯಿರಿ, ಬಿಲ್ಲಿಗೆ 20.

230 ವೋಲ್ಟಿನ ತಂತಿ ಬಿಚ್ಚಿ ಅಗ್ಗದ ಮಲ್ಟಿಮೀಟರನ್ನು ಸೀರೀಸಿನಲ್ಲಿ ಇಡಬೇಡಿ. ಅಂಥ ಹಲವು ಮೀಟರುಗಳಲ್ಲಿ ಎ.ಸಿ. ಕರೆಂಟಿನ ರೇಂಜೇ ಇರುವುದಿಲ್ಲ, ಇದ್ದರೂ ಜೀವಕ್ಕೆ ಅಪಾಯ. ಸಾಕೆಟ್ಟಿಗೆ ಚುಚ್ಚುವ ವ್ಯಾಟ್ ಮೀಟರ್ ಸುರಕ್ಷಿತ. ಅದೂ ಇಲ್ಲದಿದ್ದರೆ ಕಟ್ಟಡದ ವಿದ್ಯುತ್ ಮೀಟರೇ ಸಾಕು, ಬೇರೆಲ್ಲವನ್ನೂ ಆಫ್ ಮಾಡಲು ಸಾಧ್ಯವಾದರೆ. ಅದರ ಮುಖದ ಮೇಲೆ ಒಂದು ಯೂನಿಟ್ಟಿಗೆ ಕೆಂಪು ದೀಪ ಎಷ್ಟು ಸಲ ಮಿನುಗುತ್ತದೆಂದು ಬರೆದಿರುತ್ತದೆ. 3200 ಎಂದಿದ್ದರೆ 20 ವ್ಯಾಟಿಗೆ 56 ಸೆಕೆಂಡಿಗೊಮ್ಮೆ ಮಿನುಗಬೇಕು. ಹತ್ತು ಮಿನುಗಿಗೆ ಹಿಡಿದ ಸಮಯವನ್ನು ಹತ್ತರಿಂದ ಭಾಗಿಸಿ, 36 ಲಕ್ಷವನ್ನು (ಒಂದು ಯೂನಿಟ್ಟಿನ ವ್ಯಾಟ್-ಸೆಕೆಂಡುಗಳು) 3200ರಿಂದಲೂ ಆ ಸೆಕೆಂಡಿನಿಂದಲೂ ಭಾಗಿಸಿದರೆ ವ್ಯಾಟ್ ಸಿಗುತ್ತದೆ.

ಪ್ರಶ್ನೆ: ಮೊಟ್ಟೆ ಇನ್‌ಕ್ಯುಬೇಟರಿನಲ್ಲಿ ಒಂದೇ ಮಾದರಿಯ ಎರಡು ಫ್ಯಾನುಗಳಿವೆ. ಒಂದು 0.12, ಇನ್ನೊಂದು 0.19 ಆಂಪಿಯರ್ ಎಳೆಯುತ್ತದೆ. ಎರಡನೆಯದು ನಿಧಾನವಾಗಿಯೂ ಇದೆ.
— ಕೋಳಿ ಸಾಕಣೆದಾರರು, ಚಿಂತಾಮಣಿ

ಉತ್ತರ: ಕರೆಂಟ್ ಹೆಚ್ಚಾಗಿ ವೇಗ ಕಡಿಮೆಯಾದರೆ ಮೊದಲ ಅನುಮಾನ ಬೇರಿಂಗಿನ ಮೇಲೆ. ಆದರೂ ಒಮ್ಮೆ ಎರಡರ ಜಾಗ ಅದಲುಬದಲು ಮಾಡಿ ಅಳೆಯಿರಿ. 0.19 ಫ್ಯಾನಿನ ಜೊತೆಗೆ ಹೋದರೆ ದೋಷ ಫ್ಯಾನಿನದು; ಜಾಗದಲ್ಲೇ ಉಳಿದರೆ ಗಾಳಿಯ ದಾರಿಯದು. ರೆಕ್ಕೆಯ ಈ ಫ್ಯಾನುಗಳು ಮುಂದೆಯೋ ಹಿಂದೆಯೋ ದಾರಿ ಮುಚ್ಚಿದಾಗ ಹೆಚ್ಚು ಕರೆಂಟ್ ಎಳೆಯುತ್ತವೆ. ಪುಕ್ಕದ ಧೂಳು ಜಾಲರಿಯಲ್ಲಿ ಕಟ್ಟಿದ್ದರೆ ಅಷ್ಟೇ ಸಾಕು. ಬಸವನ ಹುಳುವಿನ ಆಕಾರದ ಬ್ಲೋವರುಗಳಲ್ಲಿ ಇದು ತಿರುವುಮುರುವು: ಬಾಯಿ ಮುಚ್ಚಿದರೆ ವೇಗ ಏರಿ ಕರೆಂಟ್ ಇಳಿಯುತ್ತದೆ.

ದೋಷ ಬೇರಿಂಗಿನದೇ ಆಗಿದ್ದರೆ, ನಡುವಿನ ಸ್ಟಿಕ್ಕರ್ ಎಬ್ಬಿಸಿ, ಒಳಗೆ ರಬ್ಬರ್ ಮುಚ್ಚಳ ಇದ್ದರೆ ತೆಗೆದು, ಹೊಲಿಗೆ ಯಂತ್ರದ ಎಣ್ಣೆ ಎರಡು ಹನಿ ಬಿಡಿ. ಕೊಬ್ಬರಿ ಎಣ್ಣೆ ಬೇಡ, ಕೆಲವು ತಿಂಗಳಲ್ಲಿ ಅಂಟಾಗಿ ಮೊದಲಿಗಿಂತ ಗಟ್ಟಿಯಾಗಿ ಹಿಡಿಯುತ್ತದೆ. ಎಣ್ಣೆ ಬಿಟ್ಟ ಮೇಲೆ ಹತ್ತು ನಿಮಿಷ ಓಡಿಸಿ ಮತ್ತೆ ಅಳೆಯಿರಿ. 0.13ರ ಹತ್ತಿರಕ್ಕೆ ಇಳಿಯದಿದ್ದರೆ ಬುಷ್ (ಬೇರಿಂಗಿನ ಒಳಕೊಳವೆ) ಸವೆದಿದೆ. ಮರಿಯಾಗುವ ಹೊತ್ತಿನಲ್ಲಿ ನಿಂತುಹೋಗುವ ಫ್ಯಾನನ್ನು ನಂಬಿಕೊಂಡಿರಬೇಡಿ, ಬದಲಿಸಿಬಿಡಿ. ಪೂರ್ತಿ ಸಿಕ್ಕಿಹಾಕಿಕೊಂಡ ಫ್ಯಾನಿನ ಗುರುತು ಬೇರೆ: ಓದು ಕೆಲವು ಸೆಕೆಂಡು ಸೊನ್ನೆಯ ಬಳಿ ಇದ್ದು, ಒಮ್ಮೆ ಮೇಲೆ ಹಾರಿ, ಮತ್ತೆ ಸೊನ್ನೆ. ಒಳಗಿನ ಐ.ಸಿ. ಆಗಾಗ ಹೊರಡಿಸಲು ಯತ್ನಿಸಿ ಬಿಡುತ್ತಿದೆ ಎಂದರ್ಥ.

ಪ್ರಶ್ನೆ: ಕಂಪ್ಯೂಟರ್ ಮದರ್‌ಬೋರ್ಡಿನ ಒಂದೇ ಕನೆಕ್ಟರಿಗೆ ನಾಲ್ಕು ತಂತಿಯ ಮೂರು ಫ್ಯಾನುಗಳನ್ನು ಹಾಕಬಹುದೆ? ಅಳೆಯುವುದು ಯಾವ ತಂತಿಯಲ್ಲಿ?
— ಓದುಗರು, ಉಡುಪಿ

ಉತ್ತರ: ಸಾಮಾನ್ಯವಾಗಿ ಒಂದು ಕನೆಕ್ಟರಿನ ಮಿತಿ 1 ಆಂಪಿಯರ್, ನಿಮ್ಮ ಬೋರ್ಡಿನ ಕೈಪಿಡಿಯಲ್ಲಿ ಖಚಿತಪಡಿಸಿಕೊಳ್ಳಿ. ಲೇಬಲ್ಲುಗಳನ್ನು ಕೂಡಿಸಿ, 0.25ರ ಮೂರು ಎಂದರೆ 0.75, ಆಗಬಹುದು. ಹಳೆಯ ಬಣ್ಣದ ಕ್ರಮದಲ್ಲಿ ಕಪ್ಪು ಗ್ರೌಂಡ್, ಹಳದಿ 12 ವೋಲ್ಟ್, ಹಸಿರು ವೇಗದ ಸೂಚನೆ, ನೀಲಿ ವೇಗದ ನಿಯಂತ್ರಣ. ಮೂರು ತಂತಿಯ ಫ್ಯಾನಿನಲ್ಲಿ ಹಳದಿ ಎಂದರೆ ವೇಗದ ಸೂಚನೆ, 12 ವೋಲ್ಟ್ ಕೆಂಪು. ಇದರಲ್ಲಿ ಬಹಳ ಜನ ಎಡವುತ್ತಾರೆ. ನಾಲ್ಕೂ ಕರಿಯ ತಂತಿಗಳಾದರೆ ಬಣ್ಣದ ಬದಲು ಸ್ಥಾನ ನೋಡಿ, 12 ವೋಲ್ಟ್ ಯಾವಾಗಲೂ ಎರಡನೆಯದು. ಒಂದು ಎಕ್ಸ್‌ಟೆನ್ಷನ್ ಕೇಬಲ್ ಕೊಂಡು ಆ 12 ವೋಲ್ಟ್ ತಂತಿಯೊಂದನ್ನೇ ಕತ್ತರಿಸಿ ಮೀಟರ್ ಸೇರಿಸಿ. ಕಪ್ಪು ತಂತಿಯನ್ನು ಕತ್ತರಿಸಬೇಡಿ, ಓಡುವಾಗ ಅದು ಕಳಚಿದರೆ ಕರೆಂಟ್ ಸೂಚನೆಯ ತಂತಿಗಳ ಮೂಲಕ ಬೋರ್ಡಿನೊಳಗೆ ಹರಿಯಬಹುದು. ನೀಲಿ ತಂತಿಯನ್ನು ಬಿಡಿಯಾಗಿ ಬಿಟ್ಟರೆ ಫ್ಯಾನು ಪೂರ್ತಿ ವೇಗದಲ್ಲಿ ತಿರುಗುತ್ತದೆ. ಗರಿಷ್ಠ ಕರೆಂಟ್ ತಿಳಿಯಲು ಹಾಗೆಯೇ ಅಳೆಯಿರಿ.

ಪ್ರಶ್ನೆ: ಆರ್ಡುಯಿನೊ (ಪ್ರೋಗ್ರಾಮ್ ಮಾಡಬಹುದಾದ ಪುಟ್ಟ ಬೋರ್ಡ್) ಜೊತೆಗೆ ಕರೆಂಟ್ ಅಳೆಯುವ ಐಎನ್‌ಎ219 ಮಾಡ್ಯೂಲ್ ಜೋಡಿಸಿ ಫ್ಯಾನಿನ ಕರೆಂಟ್ ಓದುತ್ತಿದ್ದೇನೆ. 60ರಿಂದ 170 ಮಿಲಿಆಂಪಿಯರ್‌ವರೆಗೆ ಏನೇನೋ ಬರುತ್ತದೆ.
— ಎಂಜಿನಿಯರಿಂಗ್ ವಿದ್ಯಾರ್ಥಿ, ಮೈಸೂರು

ಉತ್ತರ: ಮಾಡ್ಯೂಲ್ ಸರಿಯಾಗಿಯೇ ಇದೆ, ಬೇಕಾದ್ದಕ್ಕಿಂತ ಚುರುಕಾಗಿದೆ. 12 ಬಿಟ್‌ನ ಒಂದು ಓದಿಗೆ ಅದು ತೆಗೆದುಕೊಳ್ಳುವುದು 532 ಮೈಕ್ರೊಸೆಕೆಂಡ್. ಮೇಲೆ ಹೇಳಿದಂತೆ ಫ್ಯಾನಿನ ಕರೆಂಟ್ 6 ಮಿಲಿಸೆಕೆಂಡಿಗೊಮ್ಮೆ ತಗ್ಗಿ ಏರುತ್ತದೆ. ನಿಮ್ಮ ಓದು ಒಮ್ಮೆ ತಗ್ಗಿನಲ್ಲಿ, ಒಮ್ಮೆ ದಿಬ್ಬದಲ್ಲಿ ಬೀಳುತ್ತಿದೆ. ಕಾನ್ಫಿಗರೇಷನ್ ರಿಜಿಸ್ಟರಿನಲ್ಲಿ (ಚಿಪ್ಪಿನ ಸೆಟ್ಟಿಂಗ್ ಬರೆಯುವ ಜಾಗ) 128 ಮಾದರಿಗಳ ಸರಾಸರಿ ಆರಿಸಿ. ಆಗ ಒಂದು ಓದು 68 ಮಿಲಿಸೆಕೆಂಡ್ ಹಿಡಿದು ಹತ್ತಕ್ಕೂ ಹೆಚ್ಚು ಏರಿಳಿತಗಳನ್ನು ಒಳಗೊಳ್ಳುತ್ತದೆ. ಅಂಥ ಹತ್ತು ಓದುಗಳ ಸರಾಸರಿಯನ್ನು ಪ್ರೋಗ್ರಾಮಿನಲ್ಲಿ ತೆಗೆದರೆ ಅಂಕಿ ನಿಲ್ಲುತ್ತದೆ. ಮಾಡ್ಯೂಲಿನ ಗ್ರೌಂಡ್, ಆರ್ಡುಯಿನೊ ಗ್ರೌಂಡ್, ಅಡಾಪ್ಟರಿನ ಮೈನಸ್ ಮೂರೂ ಒಂದೇ ಕಡೆ ಸೇರಿರಬೇಕು. ಫ್ಯಾನು ಕಳಚಿದಾಗಲೂ ಒಂದೆರಡು ಮಿಲಿಆಂಪಿಯರ್ ತೋರಿಸಿದರೆ ಅದನ್ನು ಪ್ರತಿ ಓದಿನಿಂದ ಕಳೆಯಿರಿ. ಮಾಡ್ಯೂಲಿನ ಮೇಲಿರುವ ಅಳತೆಯ ರೆಸಿಸ್ಟರಿನಲ್ಲಿ ‘ಆರ್100’ ಎಂದು ಅಚ್ಚಾಗಿದೆಯೆ ನೋಡಿಕೊಳ್ಳಿ, ಅದು 0.1 ಓಮ್. ಬೇರೆ ಬೆಲೆಯದಿದ್ದರೆ ಲೈಬ್ರರಿಯ (ಮಾಡ್ಯೂಲನ್ನು ಓದುವ ಸಿದ್ಧ ಕೋಡ್) ಲೆಕ್ಕ ಅಷ್ಟೇ ಪ್ರಮಾಣದಲ್ಲಿ ತಪ್ಪುತ್ತದೆ.